ಗೋಡೆಯ ಮೇಲಿನ ಎರಡು ಗೂಟ

ಜನವರಿ ೬, ಸೋಮವಾರ, ಬೆಳಿಗ್ಗೆ

ರೊಟ್ಟಿ ಎಂಟು ಆದವು. ಮೊದಲೆಲ್ಲ ನಲವತ್ತು ಬಡಿಯುತ್ತಿದ್ದೆ. ಈಗ ತಿನ್ನುವವರು ಮೂವರೇ — ಮಗ ಅಯ್ಯಣ್ಣ, ಸೊಸೆ ಉಮಾಶ್ರೀ, ನಾನು. ಸೊಸೆಗೆ ಅದೂ ಬೇಡವಂತೆ, ಡಯಟ್. ಗಾಳಿ ತಿಂದು ಬದುಕಲಿ.

ಅಯ್ಯಣ್ಣನಿಗೆ ಪಡಸಾಲೆ ಗೋಡೆಗೆ ಪುಟ್ಟಿ ಹಚ್ಚಿಸಬೇಕಂತೆ.

"ಆ ಎರಡು ಗೂಟ ತೆಗೀಲೇನವ್ವಾ?"

"ನಿನ್ನ ಕಿವಿ ತೆಗೀತೀನಿ."

ಆ ಗೋಡೆಯಲ್ಲಿ ಒಂದು ಕಾಲಕ್ಕೆ ಇಪ್ಪತ್ತಾರು ಗೂಟ. ಶಹಾಪುರಕ್ಕೆ ಬಂದ ಹಾಡುವವರು, ಬಯಲಾಟದವರು, ಎಲ್ಲರೂ ಈ ಶೇಂಗಾ ಸಾವಕಾರರ ಮನೆಗೇ. ಸಾವಕಾರರು, ಅಂದರೆ ನನ್ನ ಮನೆಯವರು, ತಾವೇ ಸುತ್ತಿಗೆ ಹಿಡಿದು ಬಂದವರ ಹೆಸರಲ್ಲಿ ಬೇವಿನ ಗೂಟ ಹೊಡೆಯುತ್ತಿದ್ದರು. ಏಕತಾರಿ, ಗೆಜ್ಜೆಚೀಲ ಅದಕ್ಕೆ ತೂಗುಹಾಕಬೇಕು. ಗೂಟ ಇದ್ದವರು ಕೇಳದೆ ಬರಬಹುದು, ಕೇಳದೆ ಉಣ್ಣಬಹುದು. ತೀರಿಕೊಂಡ ಸುದ್ದಿ ಬಂದರೆ ಗೂಟ ಕಿತ್ತು ಒಲೆಗಿಟ್ಟು, ಆ ಉರಿಯಲ್ಲಿ ಗೋಧಿ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಬೇಕು. ಅದು ಅವರ ಕಟ್ಟಳೆ.

ಉಳಿದದ್ದು ಎರಡು. ಒಂದು ಕಕ್ಕೇರಾದ ಗಯಾಸನದು, ತತ್ವಪದ ಹಾಡುವವನು. ಇನ್ನೊಂದು ಮನೆಯವರದೇ. ಅವರು ಹೋಗಿ ಎರಡು ವರ್ಷ. ಕೋಟು ಇನ್ನೂ ಅಲ್ಲೇ ಇದೆ. ಇಪ್ಪತ್ತನಾಲ್ಕು ಸುಟ್ಟ ಕೈಗೆ ಅದೊಂದು ಆಗಿಲ್ಲ…

ಜನವರಿ ೯, ಗುರುವಾರ

ಬಳೆ ಮಾರುವ ಜೈತುನಬೀ ಬಂದಿದ್ದಳು. ಅವಳೂ ಕಕ್ಕೇರಾದವಳೇ.

"ಗಯಾಸ್ ಚಾಚಾಗ ಇನ್ನ ಆಗಂಗಿಲ್ಲ ಅಂದು ದವಾಖಾನಿಯಿಂದ ಮನಿಗೆ ಕಳಿಸ್ಯಾರಂತ್ರಿ. ಮನ್ಯಾಗ ಎಲ್ಲಾರೂ ಅಳಾಕತ್ತಿದ್ರು…"

ಇನ್ನೂ ಏನೋ ಹೇಳಲು ಹೊರಟಳು. ಕೇಳಲಿಲ್ಲ. ಅಳುತ್ತಿದ್ದರು ಎಂದ ಮೇಲೆ ಇನ್ನೇನು?

ಉಮಾಶ್ರೀ ಮೆಲ್ಲಗೆ, "ಫೋನ್ ಮಾಡಿ ಕೇಳೂಣೇನ್ರಿ, ಅತ್ತಿ?"

"ಸತ್ತವರು ಫೋನ್ ಎತ್ತತಾರೇನ?"

ಗೂಟ ನಾನೇ ಕಿತ್ತೆ. ಹುಗ್ಗಿಗೆ ಬೆಲ್ಲ ಜಾಸ್ತಿ ಹಾಕಿದೆ. ಅವನಿಗೆ ಸಿಹಿ ಬೇಕು.

ಜನವರಿ ೧೦, ಮಧ್ಯಾಹ್ನ

ಕಣ್ಣು ಗೋಡೆಗೇ ಹೋಗುತ್ತದೆ. ಗೂಟದ ಜಾಗದಲ್ಲಿ ತೂತು.

ನನ್ನದು ಊರ ಸಾಲೆಯ ಮೂರನೇ ಇಯತ್ತೆ. ಮದುವೆಯಾಗಿ ಬಂದಾಗ ಅಕ್ಷರ ಮರೆತೇ ಹೋಗಿತ್ತು. ಈ ಗಯಾಸ ಅಡುಗೆಮನೆ ಹೊಸ್ತಿಲಲ್ಲಿ ಕುಳಿತು, ಅತ್ತಿಗೆಯನ್ನು ಕರೆಯುವಂತೆ, "ವೈನಿ, ಬರಕೋರಿ, ನನಗ ಬರಿಯಾಕ ಬರಂಗಿಲ್ಲ" ಎಂದು ಒಂದೊಂದೇ ನುಡಿ ಹೇಳುವನು. ಹಿಟ್ಟಿನ ಕೈಯಲ್ಲೇ ಬರೆದೆ. ಆ ಪದಗಳಿಂದಲೇ ಈ ದಿನಚರಿ ಬರೆಯುವ ಕೈ ಬಂತು. ಮನೆಯವರಿಗೆ ಮಾತ್ರ ದಿನಾ ನನ್ನ ಬೈಗುಳ — "ಇದೇನು ಮನಿಯೋ, ಧರ್ಮಶಾಲೆಯೋ?" ಅವರು ನಗುವರು. ನನಗೆ ಸಂತೋಷ ಇತ್ತು ಎಂದು ಒಂದು ದಿನವೂ ಹೇಳಲಿಲ್ಲ.

ಜನವರಿ ೧೯, ಭಾನುವಾರ

ನಾಳೆ ಪುಟ್ಟಿಯವನು ಬರುತ್ತಾನೆ. ಹಚ್ಚಲಿ. ಇನ್ನು ಬರುವವರು ಯಾರು? ಮನೆಯವರ ಗೂಟವನ್ನೂ ನಾಳೆ ಕೀಳುತ್ತೇನೆ ಎಂದೆ. ಅಯ್ಯಣ್ಣ ತನ್ನ ತಟ್ಟೆ ತಾನೇ ತೊಳೆದ, ಎಂದೂ ತೊಳೆಯದವನು.

ಹುಗ್ಗಿಗೆ ಗೋಧಿ ನೆನೆಹಾಕಿದ್ದೇನೆ.

ಜನವರಿ ೨೦, ಸೋಮವಾರ, ಹನ್ನೊಂದು ಗಂಟೆ

ಅಡುಗೆ ಅರ್ಧಕ್ಕೇ ನಿಂತಿದೆ. ಆದರೂ ಬರೆಯಬೇಕು.

ಬಾಗಿಲಿಗೆ ಆಟೋ ಬಂತು. ಇಳಿದವನು ಗಯಾಸ. ಕಡ್ಡಿಯಂತಾಗಿದ್ದಾನೆ. ಹೆಗಲಲ್ಲಿ ಏಕತಾರಿ.

"ಯಾಕ್ರಿ ವೈನಿ, ದೆವ್ವ ಬಂದಂಗ ನೋಡಾಕತ್ತೀರಿ?"

"ಬದುಕಿದ್ದೀ?"

"ದವಾಖಾನಿಯವರು ಬ್ಯಾಡಂದ್ರು, ಮ್ಯಾಲಿನವನೂ ಬ್ಯಾಡಂದ. ಮತ್ತ ಇಲ್ಲಿಗೇ ಬಂದೀನಿ."

ನಲವತ್ತು ವರ್ಷದ ರೂಢಿ. ನೋಡದೆಯೇ ಏಕತಾರಿ ತೂಗುಹಾಕಲು ಕೈ ಎತ್ತಿದ. ಗೂಟ ಇಲ್ಲ. ಕೈ ಹಾಗೇ ನಿಂತಿತು. ಬೆರಳಿನಿಂದ ತೂತು ಮುಟ್ಟಿ ನೋಡಿದ. ಯಾರ್ಯಾರದೋ ಹೆಸರಿನ ಹುಗ್ಗಿ ಇದೇ ಮನೆಯಲ್ಲಿ ಉಂಡವನು, ಅವನಿಗೆ ಹೇಳಬೇಕೆ?

"ನನ್ನ ಹುಗ್ಗಿ ಆಗೇದ?"

"ಆಗೇದ."

"ಬೆಲ್ಲ?"

"ಜಾಸ್ತಿ ಹಾಕಿದ್ದೆ."

"ಓಣಿಯೆಲ್ಲಾ ತಿಂದದ, ನನಗೊಂದು ತುತ್ತು ಇಟ್ಟಿಲ್ಲ ನೋಡ್ರಿ!" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮುತ್ತಲೇ ಕಣ್ಣು ಒರೆಸಿಕೊಂಡ.

"ತಪ್ಪಾತೋ ಗಯಾಸ" ಎಂದೆ. ಈ ಬಾಯಿಂದ ಆ ಮಾತು ಬಂದದ್ದು ಕೇಳಿ ಉಮಾಶ್ರೀ ಅಡುಗೆಮನೆಯಿಂದ ಇಣುಕಿದಳು.

ಅಯ್ಯಣ್ಣ ಸುತ್ತಿಗೆ ತಂದ, ಹೊಸ ಗೂಟ ಹೊಡೆಯುತ್ತೇನೆ ಎಂದ.

"ಬ್ಯಾಡೋ ತಮ್ಮಾ. ಸಾವಕಾರ್ರು ಹೊಡದದ್ದಷ್ಟೇ ನನ್ನ ಗೂಟ" ಎಂದು ಗಯಾಸ ಏಕತಾರಿ ತೊಡೆ ಮೇಲಿಟ್ಟುಕೊಂಡು ಕುಳಿತುಬಿಟ್ಟ. ಬಂದ ಅತಿಥಿಯ ಹಾಗೆ.

ಅದನ್ನು ನೋಡಲಾಗಲಿಲ್ಲ. ಹೋಗಿ ಕೋಟು ಇಳಿಸಿದೆ. ಎರಡು ವರ್ಷದ ಧೂಳು. ಜೇಬಲ್ಲಿ ನಾಲ್ಕು ಶೇಂಗಾ, ಮಾಲು ನೋಡಲು ಇಟ್ಟುಕೊಂಡವು.

"ಇದಕ್ಕ ಹಾಕು."

"ಇದು ಸಾವಕಾರ್ರದು, ವೈನಿ…"

"ಅವರೇ ಹೊಡದದ್ದು. ಹಾಕು ಅಂದ್ರ ಹಾಕು!"

ಹಾಕಿದ.

ಅದೇ ದಿನ, ಸಂಜೆ

ಪುಟ್ಟಿಯವನಿಗೆ ಗೂಟದ ಸುತ್ತಲೂ ಹಚ್ಚು ಎಂದೆ. ಗೊಣಗಿದ. ನನ್ನ ಮುಂದೆ ಗೊಣಗಿದರೆ ಆದೀತೆ? ಹಚ್ಚಿದ.

ನೆನೆದ ಗೋಧಿ ಹುಗ್ಗಿಯಾಯಿತು. ಯಾರ ಸಾವಿನದೂ ಅಲ್ಲ. ಗಯಾಸ ಎರಡು ಸಲ ಹಾಕಿಸಿಕೊಂಡ. ಡಯಟ್‌ನವಳು ಮೂರು ಸಲ.

ಕೋಟು ನನ್ನ ಮಡಿಲಲ್ಲಿದೆ. ಬಾಯಲ್ಲಿ ಎಂದೂ ಆಡದ ಹೆಸರು, ಇಲ್ಲಿ ಬರೆಯುತ್ತೇನೆ. ಸಂಗಮನಾಥ. ರೀ, ನೀವು ಕರೆದ ಜನರೆಲ್ಲ ನನಗೆ ಬೇಕಾಗಿತ್ತು. ಒಬ್ಬರೂ ಹೆಚ್ಚಾಗಿರಲಿಲ್ಲ.

ಗಯಾಸ ಏಕತಾರಿ ಇಳಿಸಿಕೊಂಡು ಹೊಸ್ತಿಲಿಗೆ ಬಂದಿದ್ದಾನೆ. "ವೈನಿ, ಹೊಸದೊಂದು ಅದ. ಬರಕೋತೀರೇನ್ರಿ?"

ಹೂಂ ಎಂದೆ. ಹಾಳೆ ತಿರುವಿದೆ. ಮೊದಲ ನುಡಿ —