ನಾಲ್ಕು ಮೂಲೆ ಕೂಡಿದ ನೆಲ

ನೆರಿಮಾ, ಟೋಕಿಯೋ
೧೪ ನವೆಂಬರ್ ೧೯೮೧

ಅಪ್ಪನಿಗೆ ಮಿತ್ಸುಯೆ ಮಾಡುವ ನಮಸ್ಕಾರ.

ನಮ್ಮ ಚಿತ್ರಕಥೆ ಬರುವ ಪತ್ರಿಕೆಗೆ ನೀವು ಹೆಸರು ಹಾಕದೆ ಬರೆದ ಕಾರ್ಡು ಸುತ್ತಿ ಬಳಸಿ ನನ್ನ ಕೈಸೇರಿತು. ಹೆಸರಿಲ್ಲದಿದ್ದರೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ಚಾಪೆಯ ಅಂಚಿಗೆ ಹೊಲಿಗೆ ಹಾಕಿದ ಹಾಗೆ ಒತ್ತೊತ್ತಾಗಿ ಅಕ್ಷರ ಬರೆಯುವವರು ನಮ್ಮ ಇಡೀ ಯಾತ್ಸುಶಿರೊ ಊರಲ್ಲಿ ಒಬ್ಬರೇ. "ಮದುವೆ ಮನೆಗೆ ಸಾವಿನ ಮನೆ ಥರ ಚಾಪೆ ಹಾಸಿದೋರು ಯಾರ್ರೀ? ನಾಲ್ಕು ಮೂಲೆ ಒಂದೇ ಕಡೆ ಕೂಡ್ಸಿದೀರಲ್ಲ! ಕಿತ್ತು ಮತ್ತೆ ಹಾಸಿ." ಎರಡು ವರ್ಷ ಒಂದು ಸಾಲಿಲ್ಲ, ಬಂದದ್ದು ಬೈಗುಳ. ಆದರೂ ಅದನ್ನು ಐದಾರು ಸಲ ಓದಿದೆ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಬಂದ ತಿಂಗಳಿಂದಲೇ ಚಿತ್ರಕಥೆಗೆ ಮನೆ, ಬೀದಿ, ಊರು ಎಲ್ಲಾ ಬಿಡಿಸುತ್ತಿದ್ದೇನೆ ಎಂದು ಅಮ್ಮನಿಗೆ ಬರೆದಿದ್ದೆನಲ್ಲ, ಅದು ಬೊಗಳೆ. ಮೊದಲ ವರ್ಷವಿಡೀ, ಕಥೆ ಮಾಡುವ ಹಟಾನೊ ಮೇಡಂ ಶಾಯಿಯಲ್ಲಿ ಬಿಡಿಸಿದ ಹಾಳೆಗಳಿಂದ ಪೆನ್ಸಿಲ್ ಗೆರೆ ಅಳಿಸುವುದೇ ನನ್ನ ಕೆಲಸವಾಗಿತ್ತು. ಇಲ್ಲಿ ಮನುಷ್ಯರನ್ನು ಬಿಡಿಸುವವರು ಮೇಡಂ ಒಬ್ಬರೇ. ಆ ಮನುಷ್ಯರ ಹಿಂದಿನ ಗೋಡೆ, ಬಾಗಿಲು, ನೆಲ ಸಹಾಯಕರ ಪಾಲು. ಹೋದ ಜನವರಿಯಲ್ಲಿ ಹಿನ್ನೆಲೆ ಬಿಡಿಸುವವನು ಮದುವೆಯಾಗಿ ಊರಿಗೆ ಹೋದ. "ಯಾರಿಗೆ ಬರತ್ತೆ?" ಎಂದು ಮೇಡಂ ಕೇಳಿದರು. "ನಂಗ್ ಬರತ್ತೆ" ಅಂದೆ. ಬರುತ್ತಿರಲಿಲ್ಲ. ಅಂಥ ಧೈರ್ಯ ಯಾರಿಂದ ಬಂತೆಂದು ಅಮ್ಮನನ್ನು ಕೇಳಿ, ನಿಮ್ಮ ಕಡೆ ಕೈ ತೋರಿಸುತ್ತಾಳೆ.

ನಾನು ಬಿಡಿಸಿದ ಮೊದಲ ಕೋಣೆಯನ್ನು ನೋಡಿ ಪಕ್ಕದ ಮೇಜಿನ ಕಿಕುಯೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲೇ, ಈ ಅಜ್ಜಿ ಟೀ ಕುಡೀತಾ ಕುಡೀತಾ ಜಾರಿ ಅಂಗಳಕ್ಕೆ ಬೀಳ್ತಾಳೆ ಕಣೇ!" ನಿಜ, ನೆಲ ಜಾರುಬಂಡೆಯಾಗಿತ್ತು. ನಾನು ಹೊರಟ ದಿನ ನೀವು ಅಂದದ್ದು ಆಗ ಕಿವಿಯಲ್ಲಿ ಕೂಗಿತು: "ನಾಲ್ಕು ಗೆರೆ ಎಳೆದ್ರೆ ಮನೆ ಆಗತ್ತೇನೇ? ಅದರೊಳಗೆ ಯಾರ್ ಕೂರ್ತಾರೆ?" ಆ ಸಿಟ್ಟಿಗೇ ನಾನು ಏಪ್ರನ್ ಬಿಚ್ಚಿ ಚಾಪೆ ಕೆಲಸದ ಕೋಣೆಯ ಮೊಳೆಗೆ ಸಿಕ್ಕಿಸಿ ಬಂದದ್ದು.

ಕಲಿಸುವವರು ಯಾರೂ ಇರಲಿಲ್ಲ. ಉದ್ದದ ಗೆರೆಗಳೆಲ್ಲ ದೂರದಲ್ಲಿ ಕಣ್ಣಿನ ಮಟ್ಟದ ಒಂದು ಬಿಂದುವಿಗೆ ಹೋಗಿ ಸೇರುತ್ತವೆಂದು ರೈಲು ಹಳಿಯ ಮೇಲಿನ ಸೇತುವೆಯಲ್ಲಿ ನಿಂತು ನಾನೇ ಕಂಡುಕೊಂಡೆ. ಆದರೆ ದೂರ ಹೋದ ಹಾಗೆ ಒಂದೊಂದು ಚಾಪೆ ಎಷ್ಟೆಷ್ಟು ಗಿಡ್ಡವಾಗಬೇಕು? ಅಲ್ಲೇ ಸಿಕ್ಕಿಹಾಕಿಕೊಂಡೆ. ಅಂದಾಜಿನಲ್ಲಿ ಹಾಕಿದರೆ ಅಜ್ಜಿ ಜಾರುತ್ತಾಳೆ.

ಆಗ ನೆನಪಾದದ್ದು ನಿಮ್ಮ ದಾರ. ಗೋಡೆಯಿಂದ ಗೋಡೆಗೆ ಚಾಪೆ ಕೂರಿಸಲು ಹೊಸ ಮನೆಗೆ ಅಳತೆಗೆ ಹೋದಾಗ ಮೂಲೆಯಿಂದ ಮೂಲೆಗೆ ಅಡ್ಡಡ್ಡ ದಾರ ಎಳೆದು, "ಪ್ರತಿ ಕೋಣೆನೂ ನಾನು ಸೊಟ್ಟಗಿಲ್ಲ ಅಂತ ಹೇಳ್ಕೊಳತ್ತೆ, ದಾರ ಮಾತ್ರ ಸುಳ್ಳು ಹೇಳಲ್ಲ" ಅನ್ನುತ್ತಿದ್ದಿರಲ್ಲ. ಎರಡು ಚಾಪೆ ಜೋಡಿಸಿದರೆ ಒಂದು ಚೌಕ. ಒಂದು ಚೌಕದ ಮೂಲೆಯಿಂದ ಮೂಲೆಗೆ ಎಳೆದ ಗೆರೆಯನ್ನು ಹಾಗೇ ಮುಂದುವರಿಸಿದೆ. ಹಿಂದಿನ ಸಾಲುಗಳ ಮೂಲೆ ಎಲ್ಲಿ ಬರಬೇಕೋ ಅಲ್ಲೇ ಅದು ಹಾಯ್ದು ಹೋಯಿತು! ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ದೊಡ್ಡ ಚಿತ್ರಗಳಲ್ಲಿ ಆ ಗೆರೆ ಹಾಳೆ ದಾಟಿ ಕಿಕುಯೆಯ ಮೇಜಿಗೆ ಹೋಗುತ್ತದೆ. ಅಲ್ಲೊಂದು ಗುಂಡುಪಿನ್ನು ಚುಚ್ಚಿ ದಾರ ಕಟ್ಟಿದ್ದೇನೆ, ಅವಳು ಅದರ ಕೆಳಗೆ ಕೈ ತೂರಿಸಿ ಟೀ ಲೋಟ ಎತ್ತಿಕೊಳ್ಳುತ್ತಾಳೆ. ಈಗ ನನ್ನ ನೆಲದ ಮೇಲೆ ಯಾರು ಬೇಕಾದರೂ ಕೂರಬಹುದು, ಅಪ್ಪ.

ತಪ್ಪಾದದ್ದೂ ಆ ಜಂಬದಿಂದಲೇ. ಲೆಕ್ಕಕ್ಕೆ ಸುಲಭವೆಂದು ಚಾಪೆಗಳನ್ನೆಲ್ಲ ಒಂದೇ ದಿಕ್ಕಿಗೆ ಇಟ್ಟು ಅಭ್ಯಾಸ ಮಾಡಿದ್ದೆ. ಅಕ್ಟೋಬರ್ ಸಂಚಿಕೆಯ ಮದುವೆ ಮನೆಗೂ ಅದೇ ಲೆಕ್ಕ ಹಾಕಿ, ಎಂಟು ಚಾಪೆಯ ಕೋಣೆಯನ್ನು ಹೆಣ ಇಡುವ ಕೋಣೆ ಮಾಡಿಬಿಟ್ಟೆ. ಚಾಪೆ ಮಾಡುವವನ ಮಗಳು! ನಿಮ್ಮ ಕಾರ್ಡು ಓದಿದಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹಟಾನೊ ಮೇಡಂ ಹಳೆಯ ಮನೆತನದವರು, ಕೆಂಡಾಮಂಡಲವಾದರು. "ಸಂಚಿಕೆಗಳನ್ನೆಲ್ಲ ಸೇರಿಸಿದ ಪುಸ್ತಕ ಮಂಗಳವಾರ ಅಚ್ಚಿಗೆ ಹೋಗತ್ತೆ. ಅಷ್ಟರೊಳಗೆ ಈ ನೆಲ ಸರಿಯಾಗಿರಬೇಕು. ಇಲ್ಲಾಂದ್ರೆ ನೀನು ರಬ್ಬರ್ ಹಿಡ್ಕೊಂಡು ಕೂರು, ಬೇರೆಯವರನ್ನ ನೋಡ್ಕೋತೀನಿ" ಅಂದರು. ಎರಡು ಪುಟ ತುಂಬಾ ಮೂವತ್ತು ಜನ ನೆಂಟರು, ಅವರ ಮಂಡಿಗಳ ನಡುವೆ ಇಣುಕುವ ನೆಲ. ಮೂರು ದಿನ. ಹೆದರಿದೆ ಎಂದು ಬರೆದರೆ ನೀವು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಮೊದಲು ಎಂಟು ಬೆಂಕಿಪೊಟ್ಟಣಗಳನ್ನು ಮೇಜಿನ ಮೇಲೆ ನೀವು ಹಾಸುವ ಹಾಗೆ ಸುತ್ತ ತಿರುಗಿಸಿ ಹಾಸಿದೆ. ನಾಲ್ಕು ಮೂಲೆ ಎಲ್ಲೂ ಕೂಡಲಿಲ್ಲ. ಆಮೇಲೆ ದಾರ ಎಳೆದೆ.

ಮಂಗಳವಾರ ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಆ ಕಾರ್ಡು ಬರೆದೋರಿಗೆ ಇದರದ್ದೊಂದು ಪ್ರತಿ ಕಳ್ಸೋಣ ಅಂದ್ರೆ ವಿಳಾಸನೇ ಇಲ್ವಲ್ಲ" ಅಂದರು. ನನ್ನ ಹತ್ತಿರ ಇದೆ ಅಂದೆ. ಪ್ರತಿ ಈ ಲಕೋಟೆಯಲ್ಲಿದೆ. ಹಿನ್ನೆಲೆ ಇನ್ನು ಮುಂದೆಯೂ ನನ್ನದೇ.

ನಿಮ್ಮ ನೆಲ ನೋಡುವ ಕಣ್ಣಿನಿಂದಲೇ ಇದನ್ನೂ ನೋಡಿ, ತಪ್ಪಿದ್ದರೆ ಬೈಯಿರಿ. ಈ ಸಲ ಹೆಸರು ಹಾಕಿ.

ನಿಮ್ಮ ಮಗಳು,
ಮಿತ್ಸುಯೆ

ಮರೆತ ಮಾತು: ಸಹಾಯಕರ ಹೆಸರನ್ನು ಪತ್ರಿಕೆಯಲ್ಲಿ ಎಲ್ಲೂ ಹಾಕುವುದಿಲ್ಲ. ಆ ನೆಲ ನನ್ನದೆಂದು ನಿಮಗೆ ಹೇಗೆ ತಿಳಿಯಿತು ಎಂದು ನಾನು ಕೇಳುವುದಿಲ್ಲ. ಏಪ್ರಿಲ್ ಸಂಚಿಕೆಯಲ್ಲಿ ಕಥಾನಾಯಕಿಯ ಮನೆಯ ಹಿಂಭಾಗಕ್ಕೆ ಊರಿನ ನಮ್ಮ ಚಾಪೆ ಕೆಲಸದ ಕೋಣೆಯನ್ನೇ ಬಿಡಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ನಿಮ್ಮ ಕಾರ್ಡಿನ ಕೊನೆಯ ಸಾಲು ಓದಿ ಮೇಡಂ, "ಇದೇನಿದು, ತಲೆಬುಡ ಇಲ್ಲ" ಅಂದರು. ನನಗೆ ಮಾತ್ರ ಅರ್ಥವಾಯಿತು: "ಏಪ್ರಿಲ್‌ನಲ್ಲಿ ಮೂರನೇ ಕಂಬದ ಮೊಳೆ ಬಲಕ್ಕೆ ಬಂದಿದೆ. ಅದು ಇರೋದು ಎಡಕ್ಕೆ. ಏಪ್ರನ್ ಇನ್ನೂ ಅಲ್ಲೇ ಇದೆ." ಹೊಸ ವರ್ಷಕ್ಕೆ ಬರುತ್ತೇನೆ, ಅಪ್ಪ. ಅಮ್ಮ ಅದನ್ನು ಒಗೆದು ಮಡಿಸಿಡದಂತೆ ನೋಡಿಕೊಳ್ಳಿ.