ಬರೀ ನೀರಿನ ಮೀನುಗಳು

ಭೋಸರಿ, ಪುಣೆ
೩೦ ಮಾರ್ಚ್ ೨೦೦೮

ಅಖಿಲ ಮತ್ಸ್ಯಕುಲ ಪರಿಪಾಲಕಿ, ಉಭಯ ತೊಟ್ಟಿಗಳ ಒಡತಿ, ಶ್ರೀಮತಿ ನೀತಕ್ಕನವರ ಪಾದಾರವಿಂದಗಳಿಗೆ, ಈ ಸಂಸ್ಥಾನದ ಹಂಗಾಮಿ ದಿವಾನನೂ ತಮ್ಮ ಬೆನ್ನಿಗೆ ಬಿದ್ದವನೂ ಆದ ಮಾಂತು ಮಾಡುವ ದೀರ್ಘದಂಡ ನಮಸ್ಕಾರಗಳು.

ಬಿಜಾಪುರದಲ್ಲಿ ನಿನ್ನ ಅತ್ತೆಯವರ ಮುರಿದ ಕಾಲು ಕೂಡುತ್ತಿದೆಯೇ? ಅವರ ಸೇವೆಯ ನಡುವೆ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಇಲ್ಲಿ ಆಯಿ, ಅಪ್ಪ ಆರಾಮ.

ಇನ್ನು ರಾಜ್ಯದ ವರದಿ. ಕಾಲೇಜಿನಲ್ಲಿ ಜಾಗವಿಲ್ಲವೆಂದು ನಮ್ಮ ಮಾಳಿಗೆಗೆ ಬಂದ, ನಿನ್ನ ಸಂಶೋಧನೆಯ ಎರಡು ಮೀನಿನ ತೊಟ್ಟಿಗಳನ್ನು ನನ್ನ ಕೈಗೊಪ್ಪಿಸಿ ಹೋದೆ. ಒಂದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ನ್ಯಾನೋ ಪುಡಿ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಪುಡಿಯ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತ, ಮಗ್ಗುಲಾಗಿ ಈಜುತ್ತ ಒಂದೊಂದೇ ಹೋದರೆ ಬರೆದಿಡು, ಬರೀ ನೀರಿನವು ಮಾತ್ರ ಗಟ್ಟಿಯಾಗಿರಬೇಕು ಎಂದಿದ್ದೆ. ಅಕ್ಕಾ, ಶುಕ್ರವಾರ ಬೆಳಿಗ್ಗೆ ಬರೀ ನೀರಿನ ನಲವತ್ತೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಸಂಜೆಯ ಹೊತ್ತಿಗೆ ಪುಡಿಯಲ್ಲಿ ಉಳಿದಿದ್ದವೂ ಹೋದವು. ನಿನ್ನ ಗೈಡ್ ಸದಾನಂದ ಸರ್ ಬಂದು ನೋಡಿ, “ಬರೀ ನೀರಾಗೂ ಸತ್ರ, ಪುಡಿ ಕೊಂದಿತು ಅಂತ ಹ್ಯಾಂಗ ಹೇಳೂದಪಾ? ಎಂಬತ್ತು ದಿನದ ಕೆಲಸ ಹೋತು” ಎಂದರು. ಮತ್ತೆ ಮೊದಲಿನಿಂದ ಶುರು ಮಾಡಿದರೆ ಮೂರು ತಿಂಗಳು. ನಿನ್ನ ಅತ್ತೆಯವರು “ಮೇ ತನಕ ಓದವ್ವ, ಆಮ್ಯಾಲ ಮನಿ ನೋಡ್ಕೋ” ಎಂದು ಗೆರೆ ಎಳೆದಿದ್ದಾರೆ. ಕಾಲಿನ ಬೆರಳುಗಳನ್ನೂ ಸೇರಿಸಿ ಎಣಿಸಿದೆ, ಜೂನ್ ದಾಟುತ್ತದೆ. ನಲ್ಲಿ ನೀರು ಕೆಟ್ಟಿತ್ತು ಎಂದು ಸರ್‌ಗೆ ಹೇಳಿದ್ದೇನೆ, ಅವರು ಹೂಂ ಅಂದರು. ಮೃತರನ್ನು ಹೂಳಲು ಹೋದಾಗ ಆಯಿ, “ತುಳಸಿ ಕಟ್ಟಿ ಬಿಟ್ಟು ಎಲ್ಲಿ ಬೇಕಾದ್ರೂ ಹೂಳೋ ಭಾಡ್ಯಾ” ಎಂದು ಬೈದು, ತಾನೇ ಗುದ್ದಲಿ ತಂದುಕೊಟ್ಟಳು.

ಆಯಿಯ ಆಶೀರ್ವಾದ, ಅಪ್ಪನ ಮೌನ, ಎರಡೂ ಈ ಲಕೋಟೆಯಲ್ಲಿವೆ.

ದಿವಾನಗಿರಿಗೆ ರಾಜೀನಾಮೆ ಕೊಟ್ಟಿರುವ,
ಮಾಂತು

ತಾ.ಕ.: ನಲ್ಲಿ ನೀರಿನ ತಪ್ಪಲ್ಲ. ತೊಟ್ಟಿಗಳಿಗೆ ಬದಲಿಸಿ ಹಾಕುವ ನೀರನ್ನು ಕ್ಲೋರಿನ್ ಹೋಗಲಿ ಎಂದು ಒಂದು ದಿನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಡು ಎಂದಿದ್ದೆಯಲ್ಲ, ನಾನು ಆಯಿಯ ತಾಮ್ರದ ಹಂಡೆಯಲ್ಲಿಟ್ಟೆ. “ಮೂಕ ಜೀವಕ್ಕ ಚೊಲೊ ನೀರು ಸಿಗ್ಲಿ” ಎಂದು ಅವಳು ಹಂಡೆಗೆ ಹುಣಸೆಹಣ್ಣು ಹಚ್ಚಿ ಉಜ್ಜಿ ಕೊಟ್ಟಳು. ತಾಮ್ರವೆಲ್ಲ ನೀರಿಗಿಳಿದಿದೆ. ಅವಳಿಗೆ ಮಾತ್ರ ಹೇಳಬೇಡ. ಬಕೆಟ್ಟಿನಲ್ಲಿ ನಾನು ರಂಗಪಂಚಮಿಯ ಬಣ್ಣ ಕಲಸಿದ್ದೆ, ಎದುರುಮನೆಯ ಶಾಮಲಾಳ ಮೇಲೆ ಸುರಿಯಲು. ಅವಳು ಬಾಗಿಲಿಗೆ ಬಂದಾಗ ಮಾಳಿಗೆಯಲ್ಲಿ ಅಡಗಿ ಕುಳಿತಿದ್ದೆ.