ಕಿಟಕಿಗೆ ಪರದೆ ಯಾಕಿಲ್ಲ ಅಂದ್ರೆ

ರೀ,

ಕಿಟಕಿ ಪರದೆ ಎಲ್ಲಿ ಅಂತ ಮನೆಯೆಲ್ಲ ತಡಕಾಡಬೇಡಿ. ಎರಡನ್ನೂ ಸೇರಿಸಿ ಡೇರೆ ಹೊಲಿದಿದ್ದೀನಿ, ತಾರಸಿ ಮೇಲೆ ನಿಂತಿದೆ. ಬಿಸಿಲು ಮುಖಕ್ಕೆ ಹೊಡೆದರೆ ಪೇಪರ್ ಅಡ್ಡ ಹಿಡ್ಕೊಳ್ಳಿ.

ಊಟ ಒಲೆ ಮೇಲಿದೆ, ಬಿಸಿ ಮಾಡ್ಕೊಳ್ಳಿ.

ನಾನು ಕುದುರೆ ಸವಾರಿ ಕಲಿಯೋಕೆ ಹೋಗ್ತಿದ್ದೀನಿ. ಅಟ್ಟದಲ್ಲಿ ಹಳೇ ಟೈರಿನೊಳಗೆ ನೀವು ಬಚ್ಚಿಟ್ಟಿದ್ದ ನನ್ನ ಬೂಟು ಸಿಕ್ತು. ಇನ್ನೊಂದು ಸಲ ಬಚ್ಚಿಟ್ಟರೆ ನಿಮ್ಮ ಚಪ್ಪಲಿ ಮೆಟ್ಕೊಂಡೇ ಕುದುರೆ ಹತ್ತುತ್ತೀನಿ.

ನಿನ್ನೆ ನಿಮ್ಮ ತಂಗಿ ಎದುರಿಗೆ, "ಫ್ಯಾನ್ ಇಲ್ಲದೆ ಇವಳಿಗೆ ನಿದ್ದೆ ಬರಲ್ಲ, ಮರುಭೂಮಿಗೆ ಹೋಗ್ತಾಳಂತೆ!" ಅಂತ ಹೊಟ್ಟೆ ಹಿಡ್ಕೊಂಡು ನಕ್ಕಿರಲ್ಲ, ಆಮೇಲೆ ನಾನು ಮಲಗಿದ್ದು ಆ ಡೇರೆಯಲ್ಲೇ. ನಿಮಗೆ ಗೊತ್ತೇ ಆಗಲಿಲ್ಲ. ನಿಮ್ಮ ಗೊರಕೆ ಇಲ್ಲದೆ ಎಂಥಾ ನಿದ್ದೆ ಬಂತು ಅಂತೀರಿ!

ಮುಂದಿನ ತಿಂಗಳು ನಾನು ಹೊರಡೋದು ಹೊರಡೋದೇ. ಒಂದು ಮರವೂ ಇಲ್ಲದ ಹುಲ್ಲುಗಾವಲು, ಅದರಾಚೆ ಮರಳು, ಕುರಿಗಳ ಹಿಂದೆ ಮನೆ ಹೊತ್ಕೊಂಡು ತಿರುಗೋ ಜನ, ಎಲ್ಲಾ ನೋಡ್ಕೊಂಡೇ ಬರ್ತೀನಿ. ನೀವು ಓಡಿಸೋ ಬಸ್ಸಿನ ಹಾಗೆ ಜೀವಮಾನವಿಡೀ ಒಂದೇ ರೂಟಲ್ಲಿ ಸುತ್ತೋಕೆ ನನ್ನಿಂದ ಆಗಲ್ಲ.

ಸಂಜೆ ತಾರಸಿ ಹತ್ತಿ ಒಂದ್ಸಲ ಡೇರೆಯೊಳಗೆ ಮಲಗಿ ನೋಡಿ. ನಿಮ್ಮ ಕಾಲು ಹೊರಗೆ ಬರದ ಹಾಗೆ ಅಳತೆ ಇಟ್ಟು, ಇಬ್ಬರಿಗಾಗೋ ಹಾಗೇ ಹೊಲಿದಿದ್ದೀನಿ. ಬಂದರೆ ಬನ್ನಿ. ಬರದಿದ್ದರೆ ಅಷ್ಟಗಲಕ್ಕೂ ನಾನೊಬ್ಬಳೇ ಕೈಕಾಲು ಚಾಚ್ಕೊಂಡು ಮಲಗ್ತೀನಿ.